ಏಳೆಂಟು ವರ್ಷದ ಲೆಕ್ಕದಲ್ಲಿ ಕನ್ಸೋಲ್ ಅಗ್ಗವೋ, ಪಿಸಿ ಅಗ್ಗವೋ? (ಜಗಳ ಬೇಡ, ಲೆಕ್ಕ ಕೊಡಿ)

ಅರ್ಧಮುಗಿದ_ಆಟ
ನಮಸ್ಕಾರ ಎಲ್ರಿಗೂ. ನನ್ನ ಹತ್ರ 2014ರಲ್ಲಿ ತಗೊಂಡ ಕನ್ಸೋಲ್ (ಟಿವಿಗೆ ಸಿಕ್ಕಿಸಿ ಆಡೋ ಗೇಮ್ ಡಬ್ಬಿ) ಒಂದಿದೆ. ಇನ್ನೂ ಸತ್ತಿಲ್ಲ, ಆದ್ರೆ ಸಾಯೋ ಸದ್ದು ಮಾಡ್ತಿದೆ. ದೊಡ್ಡ ಆಟ ಹಾಕಿ ಹತ್ತು ನಿಮಿಷ ಆದ್ರೆ ಸಾಕು, ಫ್ಯಾನು ಮಿಕ್ಸಿ ಥರ ಕೂಗುತ್ತೆ. ಕಥೆಯಲ್ಲಿ ಯಾರಾದ್ರೂ ಸಾಯೋ ಹೊತ್ತಲ್ಲಿ ಪಿಸುಗುಟ್ಟಿದ್ರೆ ನಂಗೆ ಸಬ್‌ಟೈಟಲ್ಲೇ ಗತಿ.

ಹೊಸದು ತಗೋಬೇಕು. ತಮ್ಮ "ಈ ಸಲ ಪಿಸಿ ಕಟ್ಟೋಣ, ಆಟ ಅಗ್ಗ, ಆನ್‌ಲೈನ್‌ಗೆ ದುಡ್ಡಿಲ್ಲ, ಹತ್ತು ವರ್ಷ ಬರುತ್ತೆ" ಅಂತಾನೆ. ನಂಗೆ ಕನ್ಸೋಲೇ ವಾಸಿ ಅನ್ಸುತ್ತೆ. ಒಂದ್ಸಲ ದುಡ್ಡು ಎಣಿಸಿ ಕೊಟ್ಟು ಏಳು ವರ್ಷ ಮರೆತುಬಿಡಬಹುದು. ವಾರಕ್ಕೆ ಆರೇಳು ಗಂಟೆ ಆಡ್ತೀನಿ, ಹೆಚ್ಚಾಗಿ ಕಥೆ ಇರೋ ಆಟ, ಆಗೊಮ್ಮೆ ಈಗೊಮ್ಮೆ ಫುಟ್‌ಬಾಲ್. ಗ್ರಾಫಿಕ್ಸ್ ಹುಚ್ಚಿಲ್ಲ.

ಎರಡನ್ನೂ ಮನೇಲಿ ಇಟ್ಕೊಂಡು ವರ್ಷಗಟ್ಟಲೆ ನೋಡಿರೋರು ಹೇಳಿ. ಕೊನೆಗೆ ಯಾವುದು ಜೇಬಿಗೆ ಹಗುರ?

ಮೂರು_ಫ್ಯಾನ್
ಪಿಸಿ. ಮುಂದಿನ ಪ್ರಶ್ನೆ?

ಸೋಫಾ_ಸರದಾರ
ಮೇಲಿನವರು ತಮ್ಮ ಪಿಸಿಗೆ ಸುರಿದ ದುಡ್ಡು ಎಷ್ಟು ಅಂತ ಮನೇಲಿ ನಿಜ ಹೇಳಿದಾರಾ, ಅದನ್ನ ಮೊದಲು ಕೇಳಿ. ಆಮೇಲೆ ಮುಂದಿನ ಪ್ರಶ್ನೆ.

ತಮಾಷೆ ಬಿಡಿ. ಪಿಎಸ್5 (ಸೋನಿಯ ಪ್ಲೇಸ್ಟೇಷನ್ 5) ಬಂದದ್ದು 2020ರ ನವೆಂಬರ್‌ನಲ್ಲಿ. ಆವತ್ತು ಅದೇ ದುಡ್ಡಿಗೆ ಅಷ್ಟೇ ಶಕ್ತಿಯ ಪಿಸಿ ಕಟ್ಟೋಕೆ ಹೋಗಿದ್ರೆ ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡಿಗೇ ಜೇಬು ಖಾಲಿಯಾಗ್ತಿತ್ತು. ಕಾರ್ಡ್ ಸಿಕ್ಕಿದ್ರೆ ಆ ಮಾತು, ಸಿಗ್ತಾನೇ ಇರ್ಲಿಲ್ಲ. ಕನ್ಸೋಲ್ ಕಂಪನಿಗಳು ಹೆಚ್ಚಾಗಿ ಡಬ್ಬಿಯಲ್ಲಿ ದೊಡ್ಡ ಲಾಭ ನೋಡಲ್ಲ, ಆಟ ಮಾರಿ ದುಡೀತಾರೆ. ಆಟ ಬರೆಯೋರು ಇದೇ ಡಬ್ಬಿ ಮುಂದಿಟ್ಕೊಂಡು ಅದಕ್ಕೆ ತಕ್ಕ ಹಾಗೆ ತಿದ್ದಿ ತೀಡಿ ಕೊಡ್ತಾರೆ. 2013ರ ಪಿಎಸ್4ಗೆ ಹತ್ತು ವರ್ಷ ಆದ್ಮೇಲೂ ಹೊಸ ಆಟ ಬರ್ತಿತ್ತು. 2013ರ ಮಧ್ಯಮ ದರ್ಜೆ ಪಿಸಿಯಲ್ಲಿ ಅದೇ ಆಟ ಹಾಕಿ ನೋಡಿ, ಮೆನುವಲ್ಲೇ ಕುಂಟುತ್ತೆ.

ಮೂರು_ಫ್ಯಾನ್
ಡಬ್ಬಿಯಲ್ಲಿ ಲಾಭ ನೋಡಲ್ಲ ಅಂತ ನೀವೇ ಒಪ್ಕೊಂಡ್ರಿ. ಹಾಗಾದ್ರೆ ಆ ದುಡ್ಡು ಯಾರ ಹತ್ರ ವಸೂಲಿ ಆಗ್ತಿದೆ ಸರದಾರ್ರೇ? ಪಿಎಸ್3ಯಲ್ಲಿ ಆನ್‌ಲೈನ್ ಆಟ ಪುಕ್ಕಟೆ ಇತ್ತು. ಪಿಎಸ್4 ಬಂದಾಗಿಂದ ಚಂದಾ ಕಟ್ಟಿ. ನಿಂಟೆಂಡೊ ಕೂಡ 2018ರ ಸೆಪ್ಟೆಂಬರ್‌ನಿಂದ ತನ್ನ ಸ್ವಿಚ್ ಕನ್ಸೋಲ್‌ನ ಆನ್‌ಲೈನ್‌ಗೆ ದುಡ್ಡು ಕೇಳೋಕೆ ಶುರು ಮಾಡ್ತು. ಮನೆಯ ಇಂಟರ್ನೆಟ್ಟಿಗೆ ಒಂದ್ಸಲ ದುಡ್ಡು ಕೊಟ್ಟಿರ್ತೀವಿ, ಅದೇ ತಂತಿಯಲ್ಲಿ ಗೆಳೆಯನ ಜೊತೆ ಆಡೋಕೆ ಇನ್ನೊಂದ್ಸಲ. ಪಿಸಿಯಲ್ಲಿ ಆ ರಗಳೆ ಇಲ್ಲ.

ಧೂಳು_ಫಿಲ್ಟರ್
ಒಂದು ತಿದ್ದುಪಡಿ. ಪುಕ್ಕಟೆ ಸಿಗೋ ಆಟಗಳಿಗೆ (ಫೋರ್ಟ್‌ನೈಟ್ ಥರದವು) ಪ್ಲೇಸ್ಟೇಷನ್‌ನಲ್ಲಿ ಚಂದಾ ಬೇಡ. ಎಕ್ಸ್‌ಬಾಕ್ಸ್‌ನವರು (ಮೈಕ್ರೋಸಾಫ್ಟ್‌ನ ಕನ್ಸೋಲ್) 2021ರ ಏಪ್ರಿಲ್‌ವರೆಗೆ ಕೇಳ್ತಿದ್ರು, ಆಮೇಲೆ ಬಿಟ್ಟರು. ದುಡ್ಡು ಕೊಟ್ಟು ತಗೊಂಡ ಆಟವನ್ನ ಆನ್‌ಲೈನ್‌ನಲ್ಲಿ ಆಡೋಕೆ ಮಾತ್ರ ಚಂದಾ. ಪ್ರಶ್ನೆ ಕೇಳಿರೋರು ಒಬ್ರೇ ಕೂತು ಕಥೆ ಆಡೋರು, ಅವರಿಗೆ ಈ ಬಾಬ್ತು ಹೆಚ್ಚೂಕಮ್ಮಿ ಸೊನ್ನೆ.

ಲೆಕ್ಕದ_ಪುಸ್ತಕ
ಲೆಕ್ಕ ಕೇಳಿದ್ರಲ್ಲ, ತಗೊಳ್ಳಿ. ನಂಗೆ ಖರ್ಚು ಬರೆದಿಡೋ ಚಟ. 2017ರಲ್ಲಿ ಕನ್ಸೋಲೂ ತಗೊಂಡೆ, ಪಿಸಿಯನ್ನೂ ಕಟ್ಟಿದೆ. 2024ರ ಕೊನೆಗೆ ಎರಡನ್ನೂ ಕೂಡಿ ನೋಡಿದೆ. ಒಬ್ಬೊಬ್ಬರ ಊರಲ್ಲಿ ಒಂದೊಂದು ದುಡ್ಡು, ಅದಕ್ಕೆ ಕನ್ಸೋಲ್ ಬೆಲೆಯನ್ನ 100 ಅಂತಿಟ್ಟು ಉಳಿದದ್ದನ್ನ ಅದರ ಅಳತೆಯಲ್ಲೇ ಹೇಳ್ತೀನಿ.

ಕನ್ಸೋಲ್: ಡಬ್ಬಿ 100. ಎರಡನೇ ಕಂಟ್ರೋಲರ್ 15. ಮೊದಲನೆಯದರ ಕಡ್ಡಿ ತಾನೇ ತಾನಾಗಿ ಎಡಕ್ಕೆ ಜಾರೋಕೆ ಶುರುವಾಗಿ ಇನ್ನೊಂದು 15. ಹೊರಗಿನ ಹಾರ್ಡ್‌ಡಿಸ್ಕ್ 15. ಆನ್‌ಲೈನ್ ಚಂದಾ ವರ್ಷಕ್ಕೆ 14, ಏಳು ವರ್ಷಕ್ಕೆ 98. ಆಟ 26, ಸರಾಸರಿ 11ರಂತೆ 286. ಆಡಿ ಮುಗಿಸಿದ ಡಿಸ್ಕ್ ಮಾರಿ ವಾಪಸ್ ಬಂದದ್ದು 62. ಒಟ್ಟು 467.

ಪಿಸಿ: ಕಟ್ಟಿದ್ದು 240. ಮಾನಿಟರ್ 45, ಕೀಬೋರ್ಡ್ ಮೌಸ್ 12. 2021ರಲ್ಲಿ ಬುದ್ಧಿಗೆಟ್ಟು ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಿದೆ, 130. ಆದ್ರೆ ಆಗ ಕಾರ್ಡಿಗೆ ಬರಗಾಲ ಅಲ್ವಾ, ನಾಲ್ಕು ವರ್ಷದ ಹಳೇ ಕಾರ್ಡು ಕೊಂಡ ಬೆಲೆಗೇ ಹೋಯ್ತು, 70. ಹಾಗಾಗಿ ಕೈಯಿಂದ ಹೋದದ್ದು 60. ಎಸ್‌ಎಸ್‌ಡಿ 18. ಪವರ್ ಸಪ್ಲೈ ಒಂದಿನ ರಾತ್ರಿ ಟಪ್ ಅಂದು ಸುಟ್ಟ ವಾಸನೆ ಬಂತು, 20. ಆಟ 61, ಸರಾಸರಿ 4ರಂತೆ 244. ಒಟ್ಟು 639.

ಇನ್ನೊಂದು ಸಾಲು ಬರೆಯೋಕೆ ನಾಚಿಕೆ. ಆ 61ರಲ್ಲಿ 23 ಆಟ ನಾನು ಇವತ್ತಿಗೂ ಇನ್‌ಸ್ಟಾಲ್ ಮಾಡಿಲ್ಲ. ರಿಯಾಯಿತಿ ಅಂತ ತಗೊಂಡದ್ದು.

ಸೋಫಾ_ಸರದಾರ
467, 639. ಮುಗೀತಲ್ಲ! ಬಾಗಿಲಿಗೆ ಬೀಗ ಹಾಕ್ರಪ್ಪ.

ಕರೆಂಟ್_ಶಾಕ್
ಸ್ವಲ್ಪ ತಡೀರಿ. ಪಿಸಿಗೆ ಮಾನಿಟರ್ ಲೆಕ್ಕ ಹಿಡಿದಿದೀರಿ, ಕನ್ಸೋಲ್‌ಗೆ ಟಿವಿ ಯಾರು ಬಳುವಳಿ ಕೊಟ್ರು? "ಟಿವಿ ಮನೇಲಿ ಹೇಗೂ ಇರುತ್ತೆ" ಅನ್ನೋದಾದ್ರೆ "ಕಂಪ್ಯೂಟರ್ ಮನೇಲಿ ಹೇಗೂ ಬೇಕಾಗುತ್ತೆ" ಅಂತ ನಾನೂ ಅಂತೀನಿ. ನೀವು ಆ ಪಿಸಿಯಲ್ಲಿ ಆಟ ಒಂದೇ ಆಡಿದ್ರಾ, ಕೆಲಸ ಏನೂ ಮಾಡ್ಲಿಲ್ವಾ?

ಲೆಕ್ಕದ_ಪುಸ್ತಕ
ಮಾಡಿದೀನಿ. ಎರಡು ವರ್ಷ ಮನೆಯಿಂದಲೇ ಕೆಲಸ, ಎಲ್ಲಾ ಅದರಲ್ಲೇ. ಅದಿರದಿದ್ರೆ ಸುಮಾರು 90ರ ಲ್ಯಾಪ್‌ಟಾಪ್ ಒಂದು ತಗೋಲೇಬೇಕಿತ್ತು. ಅದನ್ನ ಕಳೆದ್ರೆ 549. ಮುಟ್ಟದ 23 ಆಟದ 92 ಕಳೆದ್ರೆ 457. ಆಗ ಪಿಸಿ ಹತ್ತು ಅಂಕ ಅಗ್ಗ!

ಆದ್ರೆ ಆ 92 ಕಳೆಯೋ ಹಕ್ಕು ನಂಗಿಲ್ಲ ಅಂತಾನೇ ನನ್ನ ಅಭಿಪ್ರಾಯ. ದುಡ್ಡು ಹೋಗಿರೋದು ನಿಜ ತಾನೇ? ರಿಯಾಯಿತಿಯ ಆಸೆ ಕೂಡ ಪಿಸಿಯ ಖರ್ಚೇ.

ಮೂರು_ಫ್ಯಾನ್
ಆಟ ಕೊಂಡು ಆಡದೆ ಇಟ್ಟದ್ದು ಪಿಸಿಯ ತಪ್ಪಾ ಗುರುವೇ? ಪುಸ್ತಕ ಕೊಂಡು ಓದದೆ ಇಟ್ರೆ ಕಪಾಟಿನ ತಪ್ಪಾ?

ಎರಡನೇ_ಪ್ಲೇಯರ್
ಅಲ್ರೀ, ಡಿಸ್ಕ್ ವಿಷಯ ಯಾರೂ ಸರಿಯಾಗಿ ಹೇಳವಲ್ರು. ನಾವು ನಾಲ್ಕು ಮಂದಿ ಗೆಳೆಯಾರು. ಒಬ್ಬಾಂವ ಆಟ ತರ್ತಾನ, ಆಡಿ ಮುಗಿಸಿ ಮುಂದಿನವಗ ಕೊಡ್ತಾನ. ನಾಲ್ಕೂ ಮಂದಿದು ಮುಗಿದ ಮ್ಯಾಲೆ ಮಾರೂದು. ಒಂದು ಆಟ ಒಬ್ಬೊಬ್ಬಂಗ ಎಂಟನೇ ಒಂದು ಪಾಲಿಗೆ ಬೀಳ್ತದ. ಪಿಸಿಯಾಗ ಇದು ಆಗ್ತದೇನು? ಒಮ್ಮೆ ಖಾತೆಗೆ ಹತ್ತಿದ ಆಟ ಮಾರಾಕ ಬರಂಗಿಲ್ಲ, ಕೊಡಾಕ ಬರಂಗಿಲ್ಲ.

ಧೂಳು_ಫಿಲ್ಟರ್
ಕೊಡೋಕೆ ಬರುತ್ತೆ, ಒಂದು ಮಟ್ಟಿಗೆ. ಸ್ಟೀಮ್‌ನವರು (ಪಿಸಿ ಆಟ ಮಾರೋ ದೊಡ್ಡ ಆನ್‌ಲೈನ್ ಅಂಗಡಿ) ಸ್ಟೀಮ್ ಫ್ಯಾಮಿಲೀಸ್ ಅಂತ 2024ರ ಸೆಪ್ಟೆಂಬರ್‌ನಲ್ಲಿ ಪೂರ್ತಿ ಬಿಟ್ಟಿದಾರೆ, ಮನೆಯ ಆರು ಜನರವರೆಗೆ ಆಟ ಹಂಚ್ಕೋಬಹುದು. ಒಂದೇ ಪ್ರತಿಯನ್ನ ಇಬ್ರು ಒಟ್ಟಿಗೆ ಆಡೋಕೆ ಆಗಲ್ಲ, ಬೇರೆ ಬೇರೆ ಆಟ ಆದ್ರೆ ಅಡ್ಡಿಯಿಲ್ಲ. ಮಾರೋಕೆ ಬರಲ್ಲ, ಅದು ನಿಜ. ಆದ್ರೆ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ರೆ ದುಡ್ಡು ವಾಪಸ್ ಕೇಳಬಹುದು. 2015ರಿಂದ ಇದೆ. ಕನ್ಸೋಲ್ ಅಂಗಡಿಗಳಲ್ಲಿ ಇಷ್ಟು ಸಲೀಸು ನಾನು ಕಂಡಿಲ್ಲ.

ಹಳೇ_ಡಿಸ್ಕ್
ಎರಡನೇ ಪ್ಲೇಯರ್ ಅವರೇ, ನನ್ನ ಹೆಸರೇ ಹಳೇ ಡಿಸ್ಕ್, ನಿಮ್ಮ ಪಾರ್ಟಿನೇ ನಾನು. ಆದ್ರೆ ಆ ಕಾಲ ಮುಗೀತಾ ಬಂತು. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಡಿಸ್ಕ್ ಬಾಯಿ ಇಲ್ಲ. 2024ರ ನವೆಂಬರ್‌ನಲ್ಲಿ ಬಂದ ಪಿಎಸ್5 ಪ್ರೋಗೆ ಡ್ರೈವ್ ಬೇಕಂದ್ರೆ ಬೇರೆ ಕೊಳ್ಬೇಕು. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ರಲ್ಲಿ ಕೆಲವು ಆಟಗಳ ಕಾರ್ಡಿನೊಳಗೆ ಆಟವೇ ಇರಲ್ಲ, ಬರೀ ಕೀಲಿ. ಆಟ ಡೌನ್‌ಲೋಡ್ ಮಾಡ್ಕೋಬೇಕು. ಮಾರೋಕೆ ಬರುತ್ತೆ ನಿಜ, ಆದ್ರೆ ಸರ್ವರ್ ಮುಚ್ಚಿದ ದಿನ ಆ ಕಾರ್ಡು ಪುಸ್ತಕದ ಗುರುತಿಗೆ ಇಟ್ಕೊಳ್ಳೋಕೆ ಸರಿ.

"ಮುಂದೆ ಮುಚ್ತಾರೆ" ಅಂತ ಹೆದರಿಸ್ತಿಲ್ಲ, ಆಗಲೇ ಮುಚ್ಚಿದಾರೆ. ನಿಂಟೆಂಡೊದ ಹಳೇ ವೀ ಯು ಮತ್ತು 3ಡಿಎಸ್ ಯಂತ್ರಗಳ ಆನ್‌ಲೈನ್ ಅಂಗಡಿ 2023ರ ಮಾರ್ಚ್ 27ಕ್ಕೆ ಬಂದ್. ಎಕ್ಸ್‌ಬಾಕ್ಸ್ 360 ಅಂಗಡಿ 2024ರ ಜುಲೈ 29ಕ್ಕೆ. ಪಿಎಸ್3 ಅಂಗಡಿಯನ್ನೂ 2021ರಲ್ಲಿ ಮುಚ್ತೀವಿ ಅಂದಿದ್ರು, ಜನ ಗಲಾಟೆ ಮಾಡಿದ್ಮೇಲೆ ತಿಂಗಳೊಳಗೆ ಮಾತು ಹಿಂತಗೊಂಡರು. ಮುಚ್ಚಿದ ಅಂಗಡಿಗಳಲ್ಲಿ ಕೊಂಡಿರೋದನ್ನ ಮತ್ತೆ ಇಳಿಸ್ಕೊಳ್ಳೋಕೆ ಸದ್ಯಕ್ಕೆ ಬಿಟ್ಟಿದಾರೆ, ಹೊಸದಾಗಿ ಕೊಳ್ಳೋಕೆ ಆಗಲ್ಲ.

ನನ್ನ ಕಪಾಟಲ್ಲಿ ಪಿಎಸ್3 ಡಿಸ್ಕ್ ಹದಿನೇಳಿವೆ. ಪಿಎಸ್5ಗೆ ಹಾಕಿದ್ರೆ ಗುರುತೇ ಹಿಡಿಯಲ್ಲ. ಪಿಎಸ್4 ಆಟ ಮಾತ್ರ ಹೆಚ್ಚುಕಮ್ಮಿ ಎಲ್ಲಾ ನಡೆಯುತ್ತೆ. ಈ ವಿಷಯದಲ್ಲಿ ಎಕ್ಸ್‌ಬಾಕ್ಸ್‌ನವರು ವಾಸಿ, 360ರ ಎಷ್ಟೋ ಡಿಸ್ಕ್ ಸೀರೀಸ್ ಎಕ್ಸ್‌ನಲ್ಲಿ ಓಡುತ್ತೆ. ಪಿಸಿಯಲ್ಲಿ ಇಪ್ಪತ್ತು ವರ್ಷದ ಹಿಂದಿನ ಆಟ ಹೋದ ವಾರ ಆಡಿದೆ. ಯಾರೋ ಪುಣ್ಯಾತ್ಮ ಬರೆದ ಸಣ್ಣ ಫೈಲ್ ಒಂದನ್ನ ಫೋಲ್ಡರಿಗೆ ಹಾಕಿದೆ, ಅಗಲ ಪರದೆಗೆ ಚೆಂದ ಹೊಂದ್ಕೊಂಡ್ತು. ಏಳು ವರ್ಷದ ಲೆಕ್ಕಕ್ಕೆ ಇದು ಬರದೇ ಇರಬಹುದು, ಹದಿನೈದು ವರ್ಷದ ಲೆಕ್ಕಕ್ಕೆ ಇದೇ ದೊಡ್ಡ ಬಾಬ್ತು.

ಸೋಫಾ_ಸರದಾರ
ಪಿಸಿಯಲ್ಲಿ ಆಟ ನಿಮ್ಮದಾ ಹಾಗಾದ್ರೆ? ಸ್ಟೀಮ್‌ನವರೇ 2024ರ ಅಕ್ಟೋಬರ್‌ನಿಂದ ದುಡ್ಡು ಕಟ್ಟೋ ಪುಟದಲ್ಲಿ "ನೀವು ಕೊಳ್ತಿರೋದು ಲೈಸೆನ್ಸ್" ಅಂತ ಬರೀತಿದಾರೆ. ದಿ ಕ್ರೂ ಆಟದ ಸರ್ವರ್ 2024ರ ಮಾರ್ಚ್ 31ಕ್ಕೆ ನಿಲ್ಸಿದಾಗ ಪಿಸಿಯವರದ್ದೂ ಹೋಯ್ತು, ಕನ್ಸೋಲ್‌ನವರದ್ದೂ ಹೋಯ್ತು. ಡಿಸ್ಕ್ ಇದ್ದೋರದ್ದೂ ಹೋಯ್ತು.

ಹಳೇ_ಡಿಸ್ಕ್
ಒಪ್ಪಿದೆ. ಗಾಗ್ ಅನ್ನೋ ಆನ್‌ಲೈನ್ ಅಂಗಡಿ ಥರದ ಕಡೆ ತಗೊಂಡ್ರೆ ಮಾತ್ರ ಇನ್‌ಸ್ಟಾಲರ್ ಫೈಲೇ ಕೈಗೆ ಸಿಗುತ್ತೆ, ಬೀಗ ಇಲ್ಲ, ಹಾರ್ಡ್‌ಡಿಸ್ಕಿಗೆ ಹಾಕಿ ಎತ್ತಿಟ್ಕೋಬಹುದು. ಉಳಿದದ್ದೆಲ್ಲ ಬಾಡಿಗೆ ಮನೆ. ಪಿಸಿಯಲ್ಲಿ ಮಾಲೀಕ ಸ್ವಲ್ಪ ಒಳ್ಳೆಯವನು, ಅಷ್ಟೇ.

ರಾತ್ರಿಪಾಳಿ
ಎಲ್ರೂ ದುಡ್ಡಿನ ಲೆಕ್ಕ ಹೇಳ್ತಿದೀರಿ, ಹೊತ್ತಿನ ಲೆಕ್ಕ ನಾನು ಹೇಳ್ತೀನಿ. ಮಗು ಮಲಗಿದ ಮೇಲೆ ನಂಗೆ ಸಿಗೋದು ಐವತ್ತು ನಿಮಿಷ. ಹೋದ ವರ್ಷ ಒಂದಿನ ಪಿಸಿ ಆನ್ ಮಾಡಿದೆ. ವಿಂಡೋಸ್ ಅಪ್‌ಡೇಟ್, ಎಂಟು ನಿಮಿಷ. ಆಟದ ಲಾಂಚರ್ ಅಪ್‌ಡೇಟ್ ಬೇಕು ಅಂತು. ಅದಾದ್ಮೇಲೆ ಪಾಸ್‌ವರ್ಡ್ ಕೇಳ್ತು, ಫೋನಿಗೆ ಕೋಡ್ ಬಂತು, ಫೋನು ಮಗು ಮಲಗಿರೋ ರೂಮಲ್ಲಿ. ಬೆಕ್ಕಿನ ಹೆಜ್ಜೆ ಇಟ್ಟು ಹೋಗಿ ತಂದೆ. ಆಟ ತೆರೀತು, "ಶೇಡರ್ ಸಿದ್ಧವಾಗ್ತಿದೆ 3%". ಅದು 100 ಆಗೋ ಹೊತ್ತಿಗೆ ನಾನು ಕುರ್ಚಿಯಲ್ಲೇ ನಿದ್ದೆ.

ಈಗ ಕನ್ಸೋಲ್. ಬಟನ್ ಒತ್ತಿದ್ರೆ ನಿನ್ನೆ ಕುದುರೆ ಎಲ್ಲಿ ನಿಲ್ಸಿದ್ನೋ ಅಲ್ಲೇ ನಿಂತಿರುತ್ತೆ. ಇದಕ್ಕೆ ಎಷ್ಟು ಅಂಕ ಕೊಡ್ತೀರಿ ಲೆಕ್ಕದ ಪುಸ್ತಕದವರೇ?

ಲೆಕ್ಕದ_ಪುಸ್ತಕ
ಆ ಕಾಲಂ ನನ್ನ ಪುಸ್ತಕದಲ್ಲಿಲ್ಲ ಮೇಡಂ. ಇರಬೇಕಿತ್ತು.

ಮೂರು_ಫ್ಯಾನ್
ಎಲ್ಲಾ ಒಂದೇ ದಿನ ಬಂದದ್ದು ನಿಮ್ಮ ನಸೀಬು ಮೇಡಂ. ಕನ್ಸೋಲ್‌ನಲ್ಲೂ ಆಟಕ್ಕೆ 40 ಜಿಬಿ ಅಪ್‌ಡೇಟ್ ಬರುತ್ತೆ, ಆಗ ಕುದುರೆ ನಿಂತಲ್ಲೇ ನಿಂತಿರುತ್ತೆ.

ರಾತ್ರಿಪಾಳಿ
ಅದು ನಾನು ಮಲಗಿರೋವಾಗ ತಾನೇ ಇಳ್ಕೊಳ್ಳುತ್ತಪ್ಪ. ಅದಕ್ಕೇ ತಾನೆ ರೆಸ್ಟ್ ಮೋಡ್ ಇರೋದು.

ಮೂರು_ಫ್ಯಾನ್
ಸರಿ, ಆ ಪಾಯಿಂಟ್ ನಿಮಗೇ.

ಆದ್ರೆ ಒಂದು ವಿಷಯ ಯಾರೂ ಎತ್ತಿಲ್ಲ. ಪಿಸಿಯನ್ನ ಒಂದೊಂದೇ ಭಾಗ ಬದಲಾಯಿಸಿ ಎಳೀಬಹುದು. ಎಎಮ್‌ಡಿ ಕಂಪನಿಯ ಎಎಮ್4 ಸಾಕೆಟ್ (ಬೋರ್ಡಲ್ಲಿ ಪ್ರೊಸೆಸರ್ ಕೂರೋ ಜಾಗ) ತಗೊಳ್ಳಿ. 2017ರಲ್ಲಿ ಮೊದಲ ರೈಜನ್ ಪ್ರೊಸೆಸರ್ ಹಾಕಿದೋರು, ಅದೇ ಮದರ್‌ಬೋರ್ಡಿಗೆ ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ 2022ರ 5800ಎಕ್ಸ್3ಡಿ ಪ್ರೊಸೆಸರ್ ಕೂರಿಸಿದಾರೆ. ನಾನೇ ಕೂರಿಸಿದೀನಿ. ಹಳೇ ಪ್ರೊಸೆಸರ್ ತೆಗೆಯುವಾಗ ಶಾಖ ದಾಟಿಸೋ ಪೇಸ್ಟ್ ಗಟ್ಟಿಯಾಗಿ ಕೂಲರ್ ಜೊತೆಗೇ ಕಿತ್ಕೊಂಡು ಬಂತು, ಎರಡು ಪಿನ್ನು ಬಗ್ಗಿತ್ತು, ಬ್ಲೇಡ್ ಇಟ್ಟು ನೆಟ್ಟಗೆ ಮಾಡಿದೆ. ಆದ್ರೂ ಬೋರ್ಡ್, ರ‍್ಯಾಮ್, ಕ್ಯಾಬಿನೆಟ್ ಎಲ್ಲಾ ಹಳೇದೇ, ಮಷಿನ್ ಮಾತ್ರ ಹೊಸದರಂತೆ. ಕನ್ಸೋಲ್‌ನಲ್ಲಿ ಹೊಸ ಪೀಳಿಗೆ ಬಂದ್ರೆ ಇಡೀ ಡಬ್ಬಿಯೇ ಹೊಸದು ಬೇಕು.

ಸೋಫಾ_ಸರದಾರ
ಇದೇ ನೋಡಿ ರೋಗ. "ಇದೊಂದು ಭಾಗ ಬದಲಾಯಿಸಿಬಿಡ್ತೀನಿ" ಅಂತ ಶುರುವಾಗುತ್ತೆ. ಕಾರ್ಡ್ ದೊಡ್ಡದಾಯ್ತು, ಪವರ್ ಸಪ್ಲೈ ಸಾಲ್ದು. ಹೊಸ ಕಾರ್ಡು ಕ್ಯಾಬಿನೆಟ್ಟಿಗೆ ಹಿಡಿಸ್ತಿಲ್ಲ. ಇಷ್ಟೆಲ್ಲಾ ಆದ್ಮೇಲೆ ಹಳೇ 60 ಹರ್ಟ್ಸ್ ಮಾನಿಟರ್ ಯಾಕೆ? ನನ್ನ ಭಾವ ಹೀಗೇ ಬೀರುವಿನ ತುಂಬ ಬಿಚ್ಚಿಟ್ಟ ಭಾಗ ಪೇರಿಸಿದಾನೆ, ಇನ್ನೊಂದು ಮದರ್‌ಬೋರ್ಡ್ ಸಿಕ್ರೆ ಪೂರ್ತಿ ಎರಡನೇ ಪಿಸಿ ಆಗುತ್ತೆ.

ಕೀಲಿಮಣೆ
ಆ ಬೀರುವಿನಲ್ಲಿ ಡಿಡಿಆರ್4 ರ‍್ಯಾಮ್ ಇದೆಯಾ? ಇದ್ರೆ ಖಾಸಗಿಯಾಗಿ ಮೆಸೇಜ್ ಮಾಡಿ.

ಸೋಫಾ_ಸರದಾರ
ಭಾವನ್ನ ಕೇಳಿ ಹೇಳ್ತೀನಿ. ಕೊಡೋದು ಅನುಮಾನ, "ಮುಂದೆ ಬೇಕಾಗುತ್ತೆ" ಅಂತಾನೆ.

ಗೆರೆಬಿದ್ದ_ಪರದೆ
ಭಾಗ ಬದಲಾಯಿಸದೇ ಎಷ್ಟು ದಿನ ಬರುತ್ತೆ ಅಂತ ನನ್ನ ಅನುಭವ ಹೇಳ್ತೀನಿ. 2016ರಲ್ಲಿ ಎನ್‌ವಿಡಿಯಾದ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, 6 ಜಿಬಿಯದ್ದು. ಒಂಬತ್ತು ವರ್ಷ ಒಂದೇ ಕಾರ್ಡು. ಮೊದಲ ನಾಲ್ಕು ವರ್ಷ ರಾಜನ ಥರ, ಆಮೇಲೆ ಸೆಟ್ಟಿಂಗ್ ಒಂದೊಂದೇ ಮೆಟ್ಟಿಲು ಇಳಿಸ್ತಾ ಬಂದೆ. 2021ರಲ್ಲಿ ಎಎಮ್‌ಡಿಯ ಎಫ್‌ಎಸ್‌ಆರ್ (ಸಣ್ಣ ಚಿತ್ರವನ್ನ ಹಿಗ್ಗಿಸಿ ಆಟದ ವೇಗ ಹೆಚ್ಚಿಸೋ ತಂತ್ರ) ಬಂದು ಇನ್ನೆರಡು ವರ್ಷ ಆಯುಸ್ಸು ಕೊಡ್ತು. ಎನ್‌ವಿಡಿಯಾ ಕಾರ್ಡಿಗೆ ಎಎಮ್‌ಡಿ ಔಷಧ, ಆದ್ರೂ ಹಿಡೀತು.

ಕೊನೆಗೆ ತಡೆಗೋಡೆ ಅಡ್ಡ ಬಂದದ್ದು ವೇಗದ್ದಲ್ಲ. 2024ರ ಡಿಸೆಂಬರ್‌ನ ಇಂಡಿಯಾನಾ ಜೋನ್ಸ್ ಆಟಕ್ಕೆ ರೇ ಟ್ರೇಸಿಂಗ್ (ಬೆಳಕಿನ ದಾರಿ ಲೆಕ್ಕ ಹಾಕಿ ಚಿತ್ರ ಮೂಡಿಸೋದು) ಇರೋ ಕಾರ್ಡೇ ಬೇಕು. ನಿಧಾನ ಓಡೋದಲ್ಲ, ಓಡೋದೇ ಇಲ್ಲ. 2025ರ ಡೂಮ್ ಕೂಡ ಹಾಗೇ. ಅದೇ ವರ್ಷ ಅಕ್ಟೋಬರ್‌ಗೆ ನನ್ನ ಕಾರ್ಡಿನ ಪೀಳಿಗೆಗೆ ಹೊಸ ಆಟಗಳ ಡ್ರೈವರ್ (ಕಾರ್ಡ್ ನಡೆಸೋ ತಂತ್ರಾಂಶ) ಕೂಡ ನಿಲ್ಸಿದ್ರು, ಇನ್ಮೇಲೆ ಬರೀ ಸುರಕ್ಷತೆಯ ಅಪ್‌ಡೇಟ್. ಅದರ ಜೊತೆಗೆ ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗೀತು, ನನ್ನ ಹಳೇ ಪ್ರೊಸೆಸರ್‌ಗೆ ವಿಂಡೋಸ್ 11 ಅರ್ಹತೆ ಇಲ್ಲ. ಒಂದೇ ತಿಂಗಳಲ್ಲಿ ಎರಡೂ ಕಾಲು ಹೋಯ್ತು.

ಆದ್ರೂ ಒಂಬತ್ತು ವರ್ಷ! ಪಿಎಸ್4 2013ರಿಂದ 2020ರವರೆಗೆ, ಏಳು ವರ್ಷಕ್ಕೆ ಮುಂದಿನದು ಬಂತು. ಹೋಲಿಸಿದ್ರೆ ನನ್ನದೇನೂ ಕಡಿಮೆ ಬಾಳಲಿಲ್ಲ.

ಸೋಫಾ_ಸರದಾರ
ಕೊನೇ ಮೂರು ವರ್ಷ ಎಲ್ಲಾ ಲೋ ಸೆಟ್ಟಿಂಗ್‌ನಲ್ಲಿ ಆಡಿ "ಬಾಳಿತು" ಅಂದ್ರೆ ಹೇಗೆ ಮಾರಾಯ್ರೇ?

ಗೆರೆಬಿದ್ದ_ಪರದೆ
ಕನ್ಸೋಲ್‌ನಲ್ಲೂ ಲೋ ಸೆಟ್ಟಿಂಗೇ ಇರುತ್ತೆ ಮಾರಾಯ್ರೇ, ನಿಮಗೆ ಮೆನು ತೋರಿಸಲ್ಲ ಅಷ್ಟೇ. ಬ್ಲಡ್‌ಬೋರ್ನ್ ಅನ್ನೋ ಪಿಎಸ್4 ಆಟ ಬಂದದ್ದು 2015ಕ್ಕೆ, ಪಿಎಸ್5ರಲ್ಲಿ ಹಾಕಿದ್ರೂ ಸೆಕೆಂಡಿಗೆ 30 ಫ್ರೇಮಿಗೆ (ಚಿತ್ರಕ್ಕೆ) ಕಟ್ಟಿಹಾಕಿದ ಹಾಗಿದೆ. ಪಿಸಿ ಆಟ ಆಗಿದ್ರೆ ಹೊಸ ಕಾರ್ಡು ಹಾಕಿದ ದಿನವೇ ಹಳೇ ಆಟವೂ ಹೊಸದಾಗ್ತಿತ್ತು.

ಎರಡನೇ_ಪ್ಲೇಯರ್
ಆದ್ರ ಆ ಆಟ ಪಿಸಿಗೆ ಬಂದೇ ಇಲ್ಲಲ್ರೀ. ಆಡಬೇಕಂದ್ರ ಕನ್ಸೋಲೇ ಬೇಕು. ಜಿಟಿಎ 5 ಸುದ್ದಾ 2013ಕ್ಕ ಕನ್ಸೋಲಿಗೆ ಬಂತು, ಪಿಸಿಯವರು 2015ರ ಏಪ್ರಿಲ್ ತನಕ ದಾರಿ ಕಾಯ್ದರು. ನಾವು ಅಷ್ಟೊತ್ತಿಗೆ ಡಿಸ್ಕ್ ಮಾರಿ ಮುಂದಿನ ಆಟದಾಗ ಇದ್ವಿ.

ಕರೆಂಟ್_ಶಾಕ್
ನನ್ನ ಹೆಸರಿಗೆ ನ್ಯಾಯ ಒದಗಿಸ್ತೀನಿ. ಪ್ಲಗ್ಗಿಗೆ ಹಾಕೋ ಮೀಟರ್ ಒಂದು ತಂದು ಅಳೆದೆ. ಪಿಎಸ್5 ದೊಡ್ಡ ಆಟ ಆಡುವಾಗ 200 ವ್ಯಾಟ್ ಆಸುಪಾಸು. ನನ್ನ ಪಿಸಿ, ಮಾನಿಟರ್ ಬಿಟ್ಟು, 380. ದಿನಕ್ಕೆ ಎರಡು ಗಂಟೆ ಅಂದ್ರೆ ವರ್ಷಕ್ಕೆ ಸುಮಾರು 130 ಯೂನಿಟ್ ಹೆಚ್ಚು, ಏಳು ವರ್ಷಕ್ಕೆ 900 ದಾಟುತ್ತೆ. ನಿಮ್ಮ ಕಡೆಯ ದರಕ್ಕೆ ಗುಣಿಸಿಕೊಳ್ಳಿ. ಬೆಟ್ಟದಷ್ಟೇನೂ ಅಲ್ಲ, ನಾಲ್ಕೈದು ಆಟದ ದುಡ್ಡು. ನಾನು ಫ್ರೇಮನ್ನ 60ಕ್ಕೆ ಕಟ್ಟಿಹಾಕಿದ್ಮೇಲೆ 380 ಇದ್ದದ್ದು 260ಕ್ಕೆ ಇಳೀತು, ರೂಮಿನ ಸೆಕೆಯೂ ಇಳೀತು. ಸುಮ್ನೆ 140 ಫ್ರೇಮ್ ಓಡಿಸಿ ಕಥೆ ಓದೋರು ಇದನ್ನ ಮಾಡಿ.

ಲೆಕ್ಕದ_ಪುಸ್ತಕ
ಇದನ್ನ ನನ್ನ ಪುಸ್ತಕಕ್ಕೆ ಸೇರಿಸ್ಕೊಂಡೆ. ಇನ್ನೊಂದು ಎಚ್ಚರಿಕೆ. ನನ್ನ ಲೆಕ್ಕ 2017ರದ್ದು, ಈಗಿನದಕ್ಕೆ ಹಾಗೇ ಅಂಟಿಸಬೇಡಿ. ಆಗೆಲ್ಲ ಕನ್ಸೋಲ್ ಬಂದು ಮೂರ್ನಾಲ್ಕು ವರ್ಷಕ್ಕೆ ಬೆಲೆ ಇಳೀತಿತ್ತು, ಕಾದೋರಿಗೆ ಲಾಭ. ಈ ಸಲ ಉಲ್ಟಾ. ಪಿಎಸ್5 ಬೆಲೆಯನ್ನ 2022ರ ಆಗಸ್ಟ್‌ನಲ್ಲಿ ಹಲವು ದೇಶಗಳಲ್ಲಿ ಏರಿಸಿದ್ರು, 2025ರಲ್ಲಿ ಅಮೆರಿಕದಲ್ಲೂ ಏರಿಸಿದ್ರು. ಎಕ್ಸ್‌ಬಾಕ್ಸ್ ಅಲ್ಲಿ ಅದೇ ವರ್ಷ ಮೇ ತಿಂಗಳಲ್ಲೇ ಏರಿತ್ತು. ಎಕ್ಸ್‌ಬಾಕ್ಸ್‌ನ ಗೇಮ್ ಪಾಸ್ ಅಲ್ಟಿಮೇಟ್ ಚಂದಾ 2025ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಒಂದೇ ಏಟಿಗೆ ಶೇ. 50 ಜಾಸ್ತಿ. ಪಿಸಿಯವರು ನಗೋ ಹಾಗಿಲ್ಲ, 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳೇ ಮೆಮೊರಿ ಎಲ್ಲಾ ಬಾಚ್ಕೊಂಡು ರ‍್ಯಾಮ್ ಬೆಲೆ ಆಕಾಶಕ್ಕೆ ಹೋಗಿದೆ.

ಕೀಲಿಮಣೆ
ಅದಕ್ಕೇ ಬೀರುವಿನ ರ‍್ಯಾಮ್ ಕೇಳಿದ್ದು.

ಜೇಬಿನಾಟ
ಸ್ಟೀಮ್ ಡೆಕ್ (ಕೈಯಲ್ಲಿ ಹಿಡಿದು ಆಡೋ ಸಣ್ಣ ಪಿಸಿ) ಯಾರೂ ಹೇಳ್ಲಿಲ್ವಲ್ಲ? ಪಿಸಿ ಆಟದ ಬೆಲೆ, ಕನ್ಸೋಲ್‌ನ ಸಲೀಸು. ಬಟನ್ ಒತ್ತಿದ್ರೆ ಮಲಗುತ್ತೆ, ಒತ್ತಿದ್ರೆ ಏಳುತ್ತೆ. ರಾತ್ರಿಪಾಳಿಯವರಿಗೆ ಹೇಳಿ ಮಾಡಿಸಿದ್ದು.

ರಾತ್ರಿಪಾಳಿ
ನೋಡಿದೀನಿ. ಅಕ್ಷರ ಇರುವೆ ಗಾತ್ರ. ಕನ್ನಡಕ ಹುಡುಕೋಕೇ ಹತ್ತು ನಿಮಿಷ.

ಧೂಳು_ಫಿಲ್ಟರ್
2022ರ ಯಂತ್ರ ಅದು, ಈಗಿನ ದೊಡ್ಡ ಆಟಗಳಿಗೆ ಏದುಸಿರು ಬಿಡ್ತಿದೆ. ಏಳು ವರ್ಷದ ಯೋಜನೆಗೆ ಇವತ್ತು ಅದನ್ನ ಹೊಸದಾಗಿ ತಗೊಳ್ಳಿ ಅಂತ ನಾನು ಹೇಳಲ್ಲ. ಹಳೇ ಆಟ, ಸಣ್ಣ ಆಟಗಳಿಗಾದ್ರೆ ಸೈ.

ಅರ್ಧಮುಗಿದ_ಆಟ
ಅಬ್ಬಾ, ಇಷ್ಟು ಬರುತ್ತೆ ಅಂದ್ಕೊಂಡಿರ್ಲಿಲ್ಲ. ಪೂರ್ತಿ ಓದಿದೆ. ಲೆಕ್ಕದ ಪುಸ್ತಕದವರನ್ನ ನೋಡಿ ನಾನೂ ಕೂತು ಎಣಿಸ್ದೆ. ಹನ್ನೊಂದು ವರ್ಷದಲ್ಲಿ ನಾನು ಕೊಂಡದ್ದು 19 ಆಟ, ಮುಗಿಸಿದ್ದು 7. ಒಂದನ್ನೇ ಮೂರು ಸಲ ಆಡಿದೀನಿ. ಚಂದಾ ಮೂರು ವರ್ಷ ಸುಮ್ನೆ ಕಟ್ಟಿದೀನಿ, ಆನ್‌ಲೈನ್ ಆಡಿದ್ದು ಬಹುಶಃ ಹತ್ತು ದಿನ.

ನಿಜ ಹೇಳ್ತೀನಿ, ಅರ್ಧಕ್ಕೆ ಬಿಟ್ಟ 12 ಇನ್ನೂ ಇವೆ. ಅವನ್ನ ಮುಗಿಸೋಕೆ ಹೊಸದು ಯಾಕೆ ಬೇಕು ಅಂತ ತಮ್ಮ ಈಗ ಕೇಳ್ತಿದಾನೆ. (ಪಿಸಿ ಬೇಕು ಅಂದಿದ್ದೂ ಇವನೇ.) ಸದ್ದು ತಡೆಯೋಕಾಗ್ತಿಲ್ಲ, ಅದೊಂದೇ ಕಷ್ಟ.

ಧೂಳು_ಫಿಲ್ಟರ್
ಒಳಗಡೆ ಯಾವತ್ತಾದ್ರೂ ಕ್ಲೀನ್ ಮಾಡಿದೀರಾ?

ಅರ್ಧಮುಗಿದ_ಆಟ
ಬಿಚ್ಚಬಹುದು ಅಂತಾನೇ ಗೊತ್ತಿರ್ಲಿಲ್ಲ.

ಧೂಳು_ಫಿಲ್ಟರ್
ಹನ್ನೊಂದು ವರ್ಷ! ಮೊದಲು ಇದನ್ನ ಮಾಡಿ, ಆಮೇಲೆ ಕೊಳ್ಳೋ ಮಾತು. ವೈರ್ ಎಲ್ಲಾ ಕಿತ್ತು ಅರ್ಧ ಗಂಟೆ ಬಿಡಿ. ಸ್ಕ್ರೂ ನಕ್ಷತ್ರದ ಆಕಾರ, ನಡುವೆ ಸಣ್ಣ ಮೊಳೆ ಥರ ಇದ್ರೆ ಅದಕ್ಕೆ ನಡುವೆ ತೂತಿರೋ ಬಿಟ್ ಬೇಕು, ಸಾದಾ ಬಿಟ್ ತುರುಕಿ ತಲೆ ಕೆಡಿಸಬೇಡಿ. ಬಿಚ್ಚಿದ ಸ್ಕ್ರೂಗಳನ್ನ ಕಾಗದದ ಮೇಲೆ ಎಲ್ಲಿದ್ವೋ ಅದೇ ಜಾಗದಲ್ಲಿ ಇಟ್ಕೊಳ್ಳಿ. ಪವರ್ ಸಪ್ಲೈ ಒಂದು ಕಪ್ಪು ಡಬ್ಬಿ, ಅದನ್ನ ಎತ್ತಿ ಪಕ್ಕಕ್ಕಿಡಿ, ಅದರ ಹೊಟ್ಟೆ ಮಾತ್ರ ಬಿಚ್ಚಬೇಡಿ. ಸಾಮಾನ್ಯವಾಗಿ ಅದರ ಹಿಂದೆ ಹೀಟ್‌ಸಿಂಕ್ (ಶಾಖ ಹೊರಹಾಕೋ ಲೋಹದ ರೆಕ್ಕೆಗಳು) ಸಿಗುತ್ತೆ. ಅಲ್ಲೇ ಇರುತ್ತೆ ನಿಮ್ಮ ಮಿಕ್ಸಿಯ ರಹಸ್ಯ. ಗಾಳಿ ಹೊಡೆಯುವಾಗ ಫ್ಯಾನನ್ನ ಬೆರಳಲ್ಲಿ ಹಿಡ್ಕೊಳ್ಳಿ, ಗಾಳಿಗೆ ಗಿರ‍್ರನೆ ಸುತ್ತಿದ್ರೆ ಬೇರಿಂಗ್ ಹೋಗುತ್ತೆ. ತೆಳ್ಳನೆ ರಿಬ್ಬನ್ ಕೇಬಲ್ ಇದ್ರೆ ಜೋರಾಗಿ ಎಳೀಬೇಡಿ.

ಪೇಸ್ಟ್ ಬದಲಾಯಿಸೋದು ಎರಡನೇ ಹಂತ. ಮೊದಲು ಧೂಳು ತೆಗೆದು ನೋಡಿ.

ಹಳೇ_ಡಿಸ್ಕ್
ಬಿಚ್ಚಿದಾಗ ಮದರ್‌ಬೋರ್ಡ್ ಮೇಲಿನ ಗುಂಡು ಬ್ಯಾಟರಿಯನ್ನೂ ಒಮ್ಮೆ ನೋಡಿ. ಪಿಎಸ್4 ಆದ್ರೆ ಆ ಬ್ಯಾಟರಿ ಸತ್ತ ಮೇಲೆ ಆನ್‌ಲೈನ್ ಇಲ್ಲದೆ ಆಟವೇ ತೆರೀತಿರ್ಲಿಲ್ಲ, 2021ರ ಸೆಪ್ಟೆಂಬರ್‌ನ 9.00 ಅಪ್‌ಡೇಟ್‌ನಲ್ಲಿ ಸರಿ ಮಾಡಿದ್ರು. ಅಪ್‌ಡೇಟ್ ಆಗಿದೆಯಾ ನೋಡ್ಕೊಳ್ಳಿ.

ಮೂರು_ಫ್ಯಾನ್
ಕನ್ಸೋಲ್ ಬಿಚ್ಚಿ ಧೂಳು ಹೊಡೆದು ಪೇಸ್ಟ್ ಹಚ್ತಿದೀರಿ. ಪಿಸಿ ಲೋಕಕ್ಕೆ ಸ್ವಾಗತ.

ಅರ್ಧಮುಗಿದ_ಆಟ
ಭಾನುವಾರ ಬಿಚ್ಚಿದೆ. ತಮ್ಮ ಟಾರ್ಚ್ ಹಿಡಿದ. ಹೀಟ್‌ಸಿಂಕ್ ರೆಕ್ಕೆಗಳ ಬಾಯಿಗೆ ಬೂದು ಬಣ್ಣದ ಪಟ್ಟಿಯೊಂದು ಅಡ್ಡ ಇತ್ತು, ನಾವಿಬ್ರೂ ಅದು ಫಿಲ್ಟರ್ ಅಂದ್ಕೊಂಡ್ವಿ. ಚಿಮಟದಲ್ಲಿ ಮುಟ್ಟಿದ್ರೆ ಕಂಬಳಿ ಥರ ಒಂದೇ ತುಂಡಾಗಿ ಎದ್ದು ಬಂತು. ಪೂರ್ತಿ ಧೂಳು! ಹನ್ನೊಂದು ವರ್ಷದ್ದು.

ಜೋಡಿಸಿ ಅದೇ ದೊಡ್ಡ ಆಟ ಒಂದು ಗಂಟೆ ಓಡಿಸಿದ್ವಿ. ಫ್ಯಾನ್ ತಿರುಗುತ್ತೆ, ಆದ್ರೆ ಈಗ ಪಿಸುಗುಟ್ಟಿದ್ದು ಕೇಳಿಸುತ್ತೆ. ಸದ್ಯಕ್ಕೆ ಏನೂ ಕೊಳ್ತಿಲ್ಲ. ಚಂದಾದ ತಾನೇ ನವೀಕರಣ ಆಗೋದನ್ನ ನಿಲ್ಸಿದೆ. ತಮ್ಮ "ಉಳಿದ ದುಡ್ಡು ಪಿಸಿಗೆ" ಅಂತ ಬೇರೆ ಲೆಕ್ಕ ಶುರು ಮಾಡಿದಾನೆ, ಮಾಡ್ಕೊಳ್ಳಲಿ.

ಒಂದೇ ಚಿಂತೆ. ಎಲ್ಲಾ ಜೋಡಿಸಿದ್ಮೇಲೆ ಒಂದು ಉದ್ದನೆ ಸ್ಕ್ರೂ ಉಳ್ಕೊಂಡಿದೆ.

ಧೂಳು_ಫಿಲ್ಟರ್
ಕಾಗದದ ಮೇಲೆ ಇಡಿ ಅಂದಿದ್ನಲ್ಲ ಮಾರಾಯ್ರೇ! ಉದ್ದದ್ದು ಅಂದ್ರೆ ಪವರ್ ಸಪ್ಲೈದೇ ಇರಬೇಕು. ಮತ್ತೆ ಮೇಲಿನ ಮುಚ್ಚಳ ತೆಗೆದು ಆ ಡಬ್ಬಿಯ ಮೂಲೆಗಳನ್ನ ನೋಡಿ. ಅಲ್ಲೀವರೆಗೆ ಆನ್ ಮಾಡಬೇಡಿ.

ಮೂರು_ಫ್ಯಾನ್
ನನ್ನ ಹತ್ರ ಅಂಥವು ಒಂದು ಡಬ್ಬಿ ತುಂಬ ಇವೆ. ಬೇಕಾ?